ಹೂಬಳ್ಳಿ ಕಾಣದ ಬಿದರಿ: ತಿಕ್ಕುವ ಮೊದಲು ದೋಷ ಹುಡುಕುವ ಬಗೆ

ಕಲಬುರಗಿಯಲ್ಲಿ ದಸರೆಗೆ ಮನೆ ತೊಳೆಯುವ ವಾರ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಅಜ್ಜನ ಕಾಲದ ಬಿದರಿ ಹೂದಾನಿ, ಎಲೆ ಅಡಿಕೆ ಇಡುವ ಪಾನದಾನ, ಹುಕ್ಕಾದ ಬುಡ, ಇಲ್ಲವೇ ಮದುವೆಯಲ್ಲಿ ಯಾರೋ ಕೊಟ್ಟ ತಟ್ಟೆ. ಕೆಳಗೆ ಒಂದೇ ಸಾಲು: "ಹೂಬಳ್ಳಿ ಕಾಣವಲ್ದು, ಏನ್ ಹಚ್ಚಿ ತಿಕ್ಕಲಿ?"

ಸದ್ಯಕ್ಕೆ ಏನೂ ಹಚ್ಚಬೇಡಿ. ಬಿದರಿ ಎಂದರೆ ಕಪ್ಪು ಲೋಹದ ಮೈಯಲ್ಲಿ ಬೆಳ್ಳಿಯ ಹೂಬಳ್ಳಿ ಕೂರಿಸಿದ ಬೀದರದ ಕುಸುರಿ ಕೆಲಸ. ಹೂಬಳ್ಳಿ ಮಾಯವಾಗಲು ಎರಡು ಕಾರಣ, ಎರಡೂ ಒಂದಕ್ಕೊಂದು ಉಲ್ಟಾ. ಕಪ್ಪು ನೆಲ ಬೆಳ್ಳಗಾಗಿ ಬೆಳ್ಳಿಯ ಜೊತೆ ಬೆರೆತುಹೋಗಿರಬಹುದು. ಅಥವಾ ಬೆಳ್ಳಿಯೇ ಕಪ್ಪಾಗಿ ನೆಲದೊಳಗೆ ಮುಳುಗಿರಬಹುದು. ಎರಡನೆಯದಕ್ಕೆ ಮಾಡುವ ಉಪಚಾರವನ್ನು ಮೊದಲನೆಯದಕ್ಕೆ ಮಾಡಿದರೆ ಉಳಿದಿದ್ದ ಕಪ್ಪೂ ಹೋಯಿತು. ನನ್ನ ಕೈಗೆ ಬಂದ ಹಾಳಾದ ಬಿದರಿಗಳಲ್ಲಿ ವಯಸ್ಸಾಗಿ ಕೆಟ್ಟವು ಕಡಿಮೆ, ತಿಕ್ಕಿಸಿಕೊಂಡು ಕೆಟ್ಟವೇ ಜಾಸ್ತಿ.

ಆ ಕಪ್ಪು ಬಳಿದ ಬಣ್ಣವಲ್ಲ

ಇದೊಂದು ಗೊತ್ತಿದ್ದರೆ ಅರ್ಧ ದೋಷಗಳು ತಾವಾಗಿಯೇ ಅರ್ಥವಾಗುತ್ತವೆ. ಬಿದರಿಯ ಒಡಲು ಸತು. ನಮ್ಮ ಕಡೆ ಹಿರಿಯರ ಬಾಯಲ್ಲಿ ಜಸ್ತ. ಸಾಮಾನ್ಯವಾಗಿ ಹೇಳುವ ಲೆಕ್ಕ 16 ಪಾಲು ಜಸ್ತಕ್ಕೆ 1 ಪಾಲು ತಾಮ್ರ. ಹಳೆಯವುಗಳಲ್ಲಿ ಒಂದಿಷ್ಟು ಸೀಸವೂ ಇರುತ್ತದೆ, ಹಾಗಾಗಿ ಬಿದರಿ ಬಟ್ಟಲಲ್ಲಿ ತಿನ್ನುವ ಪದಾರ್ಥ ಇಡುವ ಚಟ ಬೇಡ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರ ಹಾಕಿ ನಯ ಮಾಡಿ, ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಕರಿಹಲಗೆಯ ಮೇಲೆ ಬಳಪದ ಗೆರೆ ಕಂಡಂತೆ ಉಳಿಯ ಗೀರು ಕಾಣಬೇಕಲ್ಲ, ಅದಕ್ಕೆ. ಗೀರಿದ ಕಾಲುವೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿದರೆ ತಾರಕಶಿ, ತಗಡು ಕೂರಿಸಿದರೆ ತಹನಿಶಾನ್. ಅಂಟು ಗಿಂಟು ಏನೂ ಇಲ್ಲ, ಬರೀ ಸುತ್ತಿಗೆಯ ಪೆಟ್ಟು.

ಆಮೇಲೆ ಮೈಯೆಲ್ಲ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಆಗ ನೋಡಿದರೆ ಜಸ್ತ ಯಾವುದು, ಬೆಳ್ಳಿ ಯಾವುದು ಗೊತ್ತಾಗುವುದೇ ಇಲ್ಲ. ಕೊನೆಗೆ ಬೀದರ ಕೋಟೆಯ ಹಳೆ ಕಟ್ಟಡಗಳಲ್ಲಿ ಮಳೆ ಬಿಸಿಲು ಕಾಣದ ಮೂಲೆಯಿಂದ ತಂದ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ ಅದರಲ್ಲಿ ವಸ್ತುವನ್ನು ಅದ್ದುತ್ತಾರೆ. ಮಣ್ಣು ಸರಿಯಿದೆಯೋ ಇಲ್ಲವೋ ಎಂದು ನಾಲಿಗೆಗೆ ತಾಗಿಸಿ ನೋಡುವ ಪದ್ಧತಿ ಇಂದಿಗೂ ಇದೆ. ಆ ನೀರಲ್ಲಿ ಮೇಲ್ಮೈಯ ಜಸ್ತ ಕರಗುತ್ತದೆ, ಉಳಿದ ತಾಮ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಅಂದರೆ ಆ ಕಪ್ಪು ಲೋಹದ್ದೇ ಚರ್ಮ, ತೀರಾ ತೆಳುವಾದ ಚರ್ಮ. ಅದರ ಕೆಳಗಿರುವ ಜಸ್ತಕ್ಕೆ ಹುಳಿಯೂ ಆಗದು, ಕ್ಷಾರವೂ ಆಗದು. ಹುಣಸೆ, ನಿಂಬೆ, ಪೀತಾಂಬರಿ ಒಂದು ಕಡೆಯಿಂದ ತಿಂದರೆ, ಸೋಡಾ, ಸುಣ್ಣ, ಬಟ್ಟೆ ಸೋಪು ಇನ್ನೊಂದು ಕಡೆಯಿಂದ ತಿನ್ನುತ್ತವೆ.

ಮೊದಲ ಪರೀಕ್ಷೆ: ಇದು ಬಿದರಿಯೇ ಹೌದೇ?

ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಒಳಗೆ ಕಬ್ಬಿಣವಿದೆ, ಬಿದರಿ ಅಲ್ಲ. ಅಂಟದಿದ್ದರೆ ಕೈಯಲ್ಲಿ ತೂಗಿ. ಬಿದರಿ ಕಣ್ಣಿಗೆ ಕಂಡದ್ದಕ್ಕಿಂತ ಭಾರ. ಅದೇ ಗಾತ್ರದ ಅಲ್ಯೂಮಿನಿಯಂ ಅದರ ಅರ್ಧ ತೂಕವೂ ಬರುವುದಿಲ್ಲ. ಹಿತ್ತಾಳೆಯ ಮೇಲೆ ಕಪ್ಪು ಬಳಿದದ್ದಾದರೆ ತಳದ ಅಂಚು ಸವೆದಲ್ಲಿ ಹಳದಿ ಇಣುಕುತ್ತದೆ. ಅಂಥದ್ದು ನಿಮ್ಮಲ್ಲಿದ್ದರೆ ಮುಂದಿನ ಮಾತುಗಳಲ್ಲಿ ಅರ್ಧ ನಿಮಗೆ ಬೇಡ. ಚೆಂದವಾಗಿದ್ದರೆ ಇಟ್ಟುಕೊಳ್ಳಿ, ಒರೆಸಿ, ಆಯಿತು.

ಎರಡನೆಯದು: ಒಂದು ಹನಿ ಕೊಬ್ಬರಿ ಎಣ್ಣೆ

ಇಡೀ ಕೈಪಿಡಿಯಲ್ಲಿ ಒಂದೇ ಪರೀಕ್ಷೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ವಸ್ತುವಿನ ಹಿಂಬದಿಯಲ್ಲೋ ತಳದ ಹತ್ತಿರವೋ ಯಾರಿಗೂ ಕಾಣದ ಜಾಗ ಆರಿಸಿ. ಧೂಳನ್ನು ಮೆತ್ತನೆ ಬ್ರಶ್‌ನಿಂದ ಒಣದಾಗಿಯೇ ತೆಗೆಯಿರಿ. ಬಿಳಿ ಹತ್ತಿಗೆ ಒಂದೇ ಹನಿ ಶುದ್ಧ ಕೊಬ್ಬರಿ ಎಣ್ಣೆ ಹಾಕಿ (ಬಾದಾಮಿ ವಾಸನೆಯ ತಲೆ ಎಣ್ಣೆ ಬೇಡ), ಎಂಟಾಣೆಯಷ್ಟು ಅಗಲದಲ್ಲಿ ಹಗುರ ಸವರಿ. ಒಂದೆರಡು ನಿಮಿಷ ಬಿಟ್ಟು ಒಣ ಹತ್ತಿಯಿಂದ ಒರೆಸಿ. ಈಗ ಎರಡನ್ನೂ ನೋಡಬೇಕು, ಪಾತ್ರೆಯನ್ನೂ ಹತ್ತಿಯನ್ನೂ.

ಬೂದುಬಣ್ಣವಾಗಿದ್ದ ಜಾಗ ಕಾಡಿಗೆಯಂತೆ ಕಪ್ಪಾಗಿ, ಒರೆಸಿದ ಮೇಲೂ ಹಾಗೇ ಉಳಿದರೆ ಚರ್ಮ ಗಟ್ಟಿಯಾಗಿದೆ, ಒಣಗಿತ್ತು ಅಷ್ಟೇ. ನಮ್ಮ ಬೇಸಿಗೆಯಲ್ಲಿ ಮನುಷ್ಯರ ಹಿಮ್ಮಡಿಗೇ ಆಗುವಂಥದ್ದು. ಇಡೀ ವಸ್ತುವಿಗೆ ಅದೇ ರೀತಿ ಎಣ್ಣೆ ಸವರಿ, ಒಂದು ರಾತ್ರಿ ಬಿಟ್ಟು, ಹಳೆ ಮಲ್‌ಮಲ್ ಬಟ್ಟೆಯಿಂದ ಬೆರಳಿಗೆ ಜಿಡ್ಡು ಹತ್ತದಷ್ಟು ಒರೆಸಿ. ಎಣ್ಣೆ ಉಳಿಸಿದರೆ ಧೂಳು ಕೂತು ಅದೇ ಮುಂದಿನ ರೋಗ.

ಎಣ್ಣೆಯಲ್ಲಿ ಮಿಂದರೂ ಅಲ್ಯೂಮಿನಿಯಂ ಪಾತ್ರೆಯ ಬೂದುಬಣ್ಣವೇ ಉಳಿದರೆ ಅಲ್ಲಿ ಚರ್ಮ ಹೋಗಿದೆ. ಎಣ್ಣೆಯಿಂದ ಬಾರದು.

ಪಾತ್ರೆ ಚೆನ್ನಾಗಿಯೇ ಕಂಡು ಹತ್ತಿ ಮಾತ್ರ ಕಡುಕಪ್ಪಾದರೆ ಯಾರೋ ಬೂಟ್ ಪಾಲಿಶ್ ಹಚ್ಚಿ ಮಾರಿದ್ದಾರೆ. ನಗಬೇಡಿ, ಇದು ಅಪರೂಪವಲ್ಲ. ಅಸಲಿ ಕಪ್ಪು ಹತ್ತಿಗೆ ಹತ್ತುವುದಿಲ್ಲ. ಹತ್ತಿ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಅದು ಹಳೆ ಎಣ್ಣೆ, ಅಗರಬತ್ತಿ ಹೊಗೆ, ಒಗ್ಗರಣೆಯ ಜಿಡ್ಡು ಎಲ್ಲ ಸೇರಿದ ಕೊಳೆ. ಹತ್ತಿ ಬದಲಿಸುತ್ತಾ ಮುಂದುವರಿಸಿ. ಎಷ್ಟೋ ಸಲ ಅದರ ಕೆಳಗೇ ಹೂಬಳ್ಳಿ ಕಾಯ್ದುಕೊಂಡು ಕೂತಿರುತ್ತದೆ.

ನೆಲ ಬೆಳ್ಳಗಾದರೆ

ನಮ್ಮ ಅತ್ತೆಯ ಮನೆಯಲ್ಲಿ ನಡೆದದ್ದು. ದೀಪಾವಳಿಯ ಮುನ್ನಾದಿನ ಹಿತ್ತಾಳೆಯ ಸಮೆ, ತಾಮ್ರದ ಕೊಡ, ತಂಬಿಗೆಗಳನ್ನೆಲ್ಲ ಹಿತ್ತಲಿನ ಶಹಾಬಾದ ಕಲ್ಲಿನ ಮೇಲೆ ಹರವಿ ಹುಣಸೆ ಹಚ್ಚಿ ತಿಕ್ಕುತ್ತಿದ್ದರು. ಆ ಸಾಲಿನಲ್ಲಿ ಒಂದು ಬಿದರಿ ಸುರಾಯಿಯೂ ಇತ್ತು. ಅತ್ತೆಯ ಕಣ್ಣಿಗೆ ಅದು ಮಸಿ ಹಿಡಿದ ಪಾತ್ರೆ. ಒಂದು ತಾಸು ತಿಕ್ಕಿದ ಮೇಲೆ "ನೋಡು, ಹ್ಯಾಂಗ ಬೆಳಗೇದ" ಎಂದು ತೋರಿಸಿದರು. ನಿಜಕ್ಕೂ ಫಳಫಳ ಬೆಳಗುತ್ತಿತ್ತು. ಕೊರಳಿನ ಸುತ್ತ ಇದ್ದ ಗಸಗಸೆ ಹೂವಿನ ಸಾಲು ಮಾತ್ರ ಎಲ್ಲಿಯೂ ಇರಲಿಲ್ಲ. ಬೆಳ್ಳಿಯೂ ಬಿಳಿ, ಜಸ್ತವೂ ಬಿಳಿ. ಸುರಾಯಿಯನ್ನು ಕಿಟಕಿಯ ಕಡೆ ಓರೆ ಮಾಡಿ ಹಿಡಿದಾಗ ಬೆಳಕಿನಲ್ಲಿ ಒಂದು ಎಸಳು ಕ್ಷಣ ಮಿನುಗಿ ಮತ್ತೆ ಮುಳುಗಿತು. ಹೂವು ಹೋಗಿರಲಿಲ್ಲ, ಅದರ ಹಿಂದಿದ್ದ ಕತ್ತಲು ಹೋಗಿತ್ತು. ಅತ್ತೆಗೆ ಏನು ಹೇಳುವುದು? ಚಹಾ ಕುಡಿದು ಬಂದೆ.

ಇಂಥದ್ದನ್ನು ಮನೆಯಲ್ಲಿ ಸರಿಮಾಡುವ ದಾರಿ ಇಲ್ಲ. ಮೈಲುತುತ್ತ ಸವರಿದರೆ ಕಪ್ಪಾಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಆಗುವುದೇನೋ ನಿಜ, ಆದರೆ ಮೇಲೆ ಹೇಳಿದೆನಲ್ಲ, ಅದು ಕೆತ್ತುವವರು ಗೆರೆ ಕಾಣಲೆಂದು ಮಾಡಿಕೊಳ್ಳುವ, ಆಮೇಲೆ ಉಜ್ಜಿ ತೆಗೆಯುವ ಕಪ್ಪು. ಒಳ್ಳೆಯ ಸುದ್ದಿಯೆಂದರೆ ಈ ಕಲೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಬದುಕಿದೆ. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂತು, 2023ರಲ್ಲಿ ಬೀದರದ ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಹಳೆ ಗಾಜಿನ ದೀಪ ಒಡೆದರೆ ಮಾಡಿಕೊಡುವವರು ಇವತ್ತು ಸಿಗುವುದಿಲ್ಲ, ಬಿದರಿಯ ಚರ್ಮ ಹೋದರೆ ಸಿಗುತ್ತಾರೆ. ಬೀದರದ ಚೌಬಾರದ ಸುತ್ತಲಿನ ಓಣಿಗಳಲ್ಲಿ ವಿಚಾರಿಸಿ. ಅಲ್ಲಿ ಹೋಗಿ ಏನು ಹೇಳಬೇಕು ಎಂಬುದನ್ನು ಕೊನೆಗೆ ಬರೆದಿದ್ದೇನೆ, ಅದು ಮುಖ್ಯ.

ಬೆಳ್ಳಿ ಕಪ್ಪಾದರೆ

ಫೋನ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ತಂತಿಯನ್ನು ನೋಡಿ. ಹಳದಿ, ಜೇನುಬಣ್ಣ, ಕೆಲವೆಡೆ ನವಿಲುಗರಿಯ ನೇರಳೆ, ನಡುವೆ ಕಪ್ಪು ಕಂಡರೆ ಗಾಳಿಯಲ್ಲಿನ ಗಂಧಕ ಬೆಳ್ಳಿಯನ್ನು ಹಿಡಿದಿದೆ ಎಂದರ್ಥ. ಗಂಧಕ ಎಲ್ಲಿಂದ ಬಂತು? ನಾನು ಮೊದಲು ಕೇಳುವುದು "ರಬ್ಬರ್ ಬ್ಯಾಂಡ್ ಹಾಕಿದ್ದಿರೇ?" ಎಂದು. ಪೆಟ್ಟಿಗೆಯಲ್ಲಿ ಪಾನದಾನದ ಮುಚ್ಚಳ ಬಿಚ್ಚದಿರಲೆಂದು ಹಾಕಿದ ಒಂದು ರಬ್ಬರ್ ಬ್ಯಾಂಡ್ ಸಾಕು, ಅದು ಕೂತ ಗೆರೆಗೆ ಸರಿಯಾಗಿ ಬೆಳ್ಳಿ ಕಪ್ಪಾಗಿರುತ್ತದೆ. ಉಣ್ಣೆಯ ಶಾಲು, ಉಣ್ಣೆಯ ಫೆಲ್ಟ್ ಹಾಸಿದ ಪೆಟ್ಟಿಗೆಯೂ ಅಷ್ಟೇ.

ಉಪಚಾರ: ನುಣುಪಾದ ಚಾಕ್ ಪುಡಿಯನ್ನು ಮಲ್‌ಮಲ್‌ನಲ್ಲಿ ಎರಡು ಸಲ ಸೋಸಿ, ಎಣ್ಣೆಯಲ್ಲಿ ಕಲಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಯಿಂದ ತಂತಿಯ ಮೇಲೆ ಮಾತ್ರ ಓಡಿಸಿ. ಪಕ್ಕದ ಕಪ್ಪಿಗೆ ಜಾರಬೇಡಿ, ಜಾರಿದಷ್ಟೂ ಅದು ತೆಳುವಾಗುತ್ತದೆ. ಒಂದು ಅಂಗೈ ಅಗಲಕ್ಕೆ ಅರ್ಧ ತಾಸು ಬೇಕು. ಅಷ್ಟು ಪುರಸೊತ್ತಿಲ್ಲದಿದ್ದರೆ ಹಾಗೇ ಬಿಡಿ. ಜೇನುಬಣ್ಣದ ಬೆಳ್ಳಿ ಕಪ್ಪಿನ ಮೇಲೆ ಚೆನ್ನಾಗಿಯೇ ಕಾಣುತ್ತದೆ, ನನಗಂತೂ ಹೊಸ ಅಂಗಡಿ ಮಾಲಿನ ಬಿಳಿ ಹೊಳಪಿಗಿಂತ ಅದೇ ಇಷ್ಟ.

ಬೆಳ್ಳಿ ಒಡವೆಗಳಿಗೆ ಬರುವ ಅದ್ದುವ ದ್ರವ ಬೇಡವೇ ಬೇಡ, ಅದರ ಹುಳಿ ಜಸ್ತವನ್ನು ತಿನ್ನುತ್ತದೆ. ಟೂತ್‌ಪೇಸ್ಟ್ ಬೇಡ. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು ಎಂಬ ಮೊಬೈಲ್ ವಿಡಿಯೊ ಚಮತ್ಕಾರ ಅಪ್ಪಟ ಬೆಳ್ಳಿ ಲೋಟಕ್ಕೆ ಸರಿಹೋಗಬಹುದು. ಬಿದರಿಯನ್ನು ಬಿಸಿ ಸೋಡಾ ನೀರಿಗೆ ಇಳಿಸಿದರೆ ಎದ್ದು ಬರುವಾಗ ಅದು ಬಿದರಿಯಾಗಿ ಉಳಿದಿರುವುದಿಲ್ಲ.

ಬಿಳಿ ಪುಡಿ

ಇದನ್ನು ಮಾತ್ರ ತಡಮಾಡುವಂತಿಲ್ಲ. ಹಳೆ ಟಾರ್ಚಿನಲ್ಲಿ ಸೆಲ್ ಮರೆತುಬಿಟ್ಟರೆ ಬಿಳಿ ಪುಡಿ ಉಕ್ಕಿ ಬಂದಿರುತ್ತದಲ್ಲ? ಆ ಸೆಲ್ಲಿನ ಡಬ್ಬಿಯೂ ಜಸ್ತವೇ. ಹಳೆ ಬಗೆಯ ಸೆಲ್ಲಿನೊಳಗೆ ಇರುತ್ತಿದ್ದದ್ದೂ ನವಸಾಗರವೇ, ಕಲಾಯಿಗಾರ ಬಿಸಿ ಪಾತ್ರೆಗೆ ಉಜ್ಜುವ ಅದೇ ಉಪ್ಪು, ಬಿದರಿಯನ್ನು ಕಪ್ಪು ಮಾಡುವುದೂ ಅದೇ. ಬಿದರಿಯಲ್ಲಿ ಜಸ್ತದ ಪಕ್ಕದಲ್ಲೇ ಬೆಳ್ಳಿ ಕೂತಿದೆ. ನಡುವೆ ಉಪ್ಪುಸಹಿತ ತೇವ ಸಿಕ್ಕರೆ ಅದೊಂದು ಪುಟ್ಟ ಬ್ಯಾಟರಿ. ಇಂಥ ಬ್ಯಾಟರಿಯಲ್ಲಿ ಸವೆಯುವುದು ಜಸ್ತ. ಹಾಗಾಗಿ ಪುಡಿ ತಂತಿಯ ಅಂಚಿನಲ್ಲೇ ಮೊದಲು ಕಾಣಿಸುತ್ತದೆ, ಒಳಗಿನ ಕಾಲುವೆ ಅಗಲವಾಗಿ ತಂತಿ ಸಡಿಲವಾಗುತ್ತದೆ.

ಪುಡಿ ಎಲ್ಲಿದೆ ಎಂಬುದರಿಂದಲೇ ಕಾರಣ ಗೊತ್ತಾಗುತ್ತದೆ. ತಳದ ಬಳೆಯಲ್ಲಿ ಮಾತ್ರ ಇದ್ದರೆ ಇಟ್ಟ ಜಾಗ ತೇವ. ಶಹಾಬಾದ ಕಲ್ಲಿನ ಕಟ್ಟೆಯನ್ನು ದಿನಾ ಫಿನೈಲ್ ನೀರಲ್ಲಿ ಒರೆಸುತ್ತೀರಿ, ಪಾತ್ರೆಯನ್ನು ಎತ್ತಿ ಒರೆಸುವುದಿಲ್ಲ, ಅದರಡಿ ನೀರು ಆರುವುದೇ ಇಲ್ಲ. ಪಾನದಾನದ ಒಳಗೆ ಗುಂಡಿ ಬಿದ್ದಂತೆ ಪುಡಿಯಿದ್ದರೆ ಹಸಿ ಸುಣ್ಣ; ಹಿಂದಿನವರು ಸುಣ್ಣಕ್ಕೆ ಬೇರೆ ಪುಟ್ಟ ಬಟ್ಟಲು ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ಬೆರಳಚ್ಚಿನ ಆಕಾರದಲ್ಲೇ ಬೂದು ಕಲೆಯಾಗಿದ್ದರೆ ಬೆವರು. ಇಡೀ ಮೈಮೇಲೆ ಹಿಟ್ಟು ಜರಡಿ ಹಿಡಿದಂತೆ ಸಮನಾಗಿದ್ದರೆ ಶೋಕೇಸ್ ತೆರೆದು ಮೂಗಿಟ್ಟು ನೋಡಿ. ಹೊಸ ಪ್ಲೈವುಡ್, ಎಂಡಿಎಫ್ ಘಾಟು ಬಂದರೆ ಕಳ್ಳ ಸಿಕ್ಕ. ಆ ಹಲಗೆ ಮತ್ತು ಅಂಟಿನಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಗಾಜಿನೊಳಗೆ ತುಂಬಿಕೊಂಡು ಜಸ್ತ, ಸೀಸ ಎರಡನ್ನೂ ಹಿಡಿಯುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಶೋಕೇಸಿಗಿಂತ ತೆರೆದ ಗೂಡೇ ಬಿದರಿಗೆ ಕ್ಷೇಮ.

ಒಂದೇ ಬದಿಯಲ್ಲಿ ಮಾತ್ರ ಪುಡಿಯಿದ್ದರೆ? ಇದನ್ನು ಕಂಡುಹಿಡಿಯಲು ನನಗೇ ಎರಡು ಬೇಸಿಗೆ ಬೇಕಾಯಿತು. ನಮ್ಮ ಪಡಸಾಲೆಯಲ್ಲಿ ಒಂದು ಜೋಡಿ ಹೂದಾನಿ ಇದೆ. ಮಳೆಗಾಲದಲ್ಲೆಲ್ಲ ಚೆನ್ನಾಗಿದ್ದು, ಏಪ್ರಿಲ್ ಮೇನಲ್ಲಿ, ಅಂದರೆ ಕಲಬುರಗಿಯ ಗಾಳಿ ಸುಟ್ಟ ಹಂಚಿನಂತೆ ಒಣಗಿರುವಾಗ, ಎಡಬದಿಗೆ ಬಿಳಿ ಚುಕ್ಕೆ ಬರುತ್ತಿತ್ತು. ಒಣ ಹವೆಯಲ್ಲಿ ತೇವದ ರೋಗ! ಎಡಕ್ಕೆ ಏನಿದೆ ಎಂದು ತಿರುಗಿ ನೋಡಿದರೆ ಕೂಲರ್. ಬೋರ್‌ವೆಲ್ಲಿನ ಗಡಸು ನೀರಲ್ಲಿ ತೊಯ್ದ ಗಾಳಿ ದಿನಕ್ಕೆ ಹತ್ತು ತಾಸು ಹೂದಾನಿಯ ಎಡಗೆನ್ನೆಗೆ ಬಡಿಯುತ್ತಿತ್ತು. ಕೂಲರಿನ ಹುಲ್ಲಿನ ಮೇಲೆ ಬಿಳಿ ಉಪ್ಪು ಗಟ್ಟುವುದನ್ನು ನೋಡಿದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಹೂದಾನಿಯನ್ನು ಎದುರು ಗೋಡೆಗೆ ಸರಿಸಿದೆ, ಚುಕ್ಕೆ ನಿಂತಿತು.

ಪುಡಿ ತೆಗೆಯಲು ಒಣ ಹಲ್ಲುಜ್ಜುವ ಬ್ರಶ್ ಸಾಕು, ಮೆತ್ತನೆಯದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿಡಿಸಲಾಗದ ಗಂಟಿದ್ದರೆ ಎಣ್ಣೆ ಹನಿಸಿ ಮರುದಿನ ಬಿದಿರಿನ ಹಲ್ಲುಕಡ್ಡಿಯಿಂದ ಎಬ್ಬಿಸಿ. ಸೂಜಿ, ಚಾಕು ಬೇಡ. ಮೇಲೆ ತೆಳ್ಳಗೆ ಎಣ್ಣೆ, ಅಥವಾ ಸಿಕ್ಕರೆ ವಸ್ತುಸಂಗ್ರಹಾಲಯದವರು ಬಳಸುವ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಸವರಿ ಒರೆಸಿ. ಆಮೇಲೆ ಒಂದು ಫೋಟೊ ತೆಗೆದು ದಿನಾಂಕ ಬರೆದಿಡಿ. 15 ದಿನದ ಮೇಲೆ ಅದೇ ಜಾಗದಲ್ಲಿ ಪುಡಿ ಮರಳಿದರೆ ನೀವು ಪುಡಿ ತೆಗೆದಿದ್ದೀರಿ, ಕಾರಣ ತೆಗೆದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಕಪಾಟಿನಲ್ಲಿ ಇಡಲೇಬೇಕಾದರೆ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆಗಳನ್ನು ಕೂಡಿಟ್ಟು ಹಾಕಿ. ಬೀದರ ನಮಗಿಂತ ಎತ್ತರದ, ತಂಪಿನ ಊರು, ಅಲ್ಲಿನವರಿಗೆ ಇದು ಇನ್ನೂ ಹೆಚ್ಚು ಬೇಕಾಗುತ್ತದೆ.

ಸೋರುವ ಬುಡ

ನನ್ನದೇ ತಪ್ಪು, ಬರೆದುಬಿಡುತ್ತೇನೆ. ಮನೆಯಲ್ಲಿ ಗುಂಡನೆಯ ಹುಕ್ಕಾ ಬುಡವೊಂದಿದೆ. ತಂಗಿಯ ಮದುವೆಗೆ ಅದರಲ್ಲಿ ನೇರವಾಗಿ ನೀರು ಹಾಕಿ ಸುಗಂಧರಾಜದ ಕಡ್ಡಿಗಳನ್ನಿಟ್ಟೆ. ಹುಕ್ಕಾ ಎಂದರೆ ನೀರು ಇರುವುದೇ ತಾನೇ ಎಂಬ ವಾದ. ಹುಕ್ಕಾದ ನೀರನ್ನು ಹಿಂದಿನವರು ಆಗಾಗ ಚೆಲ್ಲಿ ಬದಲಿಸುತ್ತಿದ್ದರು. ನಾನು ಮದುವೆ, ಬೀಗರೂಟ, ಸತ್ಯನಾರಾಯಣ ಪೂಜೆ ಎಲ್ಲ ಮುಗಿಯುವತನಕ ಮರೆತೆ. ಕೊಳೆತ ಹೂವಿನ ಕಡ್ಡಿ ನೀರನ್ನು ಹುಳಿ ಮಾಡುತ್ತದೆ. ಎರಡು ವಾರದ ಮೇಲೆ ಎತ್ತಿದರೆ ಕೆಳಗಿದ್ದ ಕಸೂತಿ ಬಟ್ಟೆಯ ಮೇಲೆ ರಾಗಿ ಕಾಳಿನಷ್ಟು ಒದ್ದೆ.

ಸೋರಿಕೆ ಹುಡುಕಲು ಮತ್ತೆ ನೀರು ತುಂಬಬೇಡಿ. ರಾತ್ರಿ ಕೋಣೆಯ ದೀಪವೆಲ್ಲ ಆರಿಸಿ, ಬಾಯೊಳಗೆ ಚಿಕ್ಕ ಎಲ್ಇಡಿ ದೀಪ ಇಳಿಬಿಟ್ಟು ಸುತ್ತ ನೋಡಿ. ನನ್ನದರಲ್ಲಿ ತಳದಿಂದ ಎರಡು ಬೆರಳು ಮೇಲೆ, ಒಂದು ಬಳ್ಳಿಯ ಕವಲಿನಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು, ಒಂದೇ ಒಂದು ಚುಕ್ಕಿ. ಅದನ್ನು ಮುಚ್ಚಿಸಲು ಹೋಗಲಿಲ್ಲ. ಜಸ್ತ ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಗ್ಯಾಸ್ ಬೆಸುಗೆಯವನ ಜ್ವಾಲೆ ತಾಗಿದರೆ ತೂತು ಮುಚ್ಚುವ ಬದಲು ಬುಡವೇ ಬೆಲ್ಲದಂತೆ ಇಳಿದುಹೋಗುತ್ತದೆ. ಈಗ ಅದರಲ್ಲಿ ಒಣಗಿದ ಬಿಳಿಜೋಳದ ತೆನೆ ಇಟ್ಟಿದ್ದೇನೆ, ಯಾದಗಿರಿ ಕಡೆಯಿಂದ ತಂದ ಹತ್ತಿ ಕಾಯಿಯ ಕಡ್ಡಿಗಳೂ ಇವೆ. ಕಪ್ಪಿನ ಮೇಲೆ ಆ ಬಿಳಿ ಹತ್ತಿ ಸುಗಂಧರಾಜಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ಹಸಿ ಹೂವೇ ಬೇಕೆಂದರೆ ಒಳಗೆ ಸ್ಟೀಲ್ ಲೋಟವೋ ಗಾಜಿನ ಕೊಳವೆಯೋ ಇಳಿಸಿ ಅದರಲ್ಲಿ ನೀರು ಹಾಕಿ.

ತಂತಿ ಎದ್ದಿದೆಯೇ, ಬಿರುಕಿದೆಯೇ

ಕಣ್ಣಿಗೆ ಕಾಣುವ ಮೊದಲೇ ಹತ್ತಿಗೆ ಗೊತ್ತಾಗುತ್ತದೆ. ಸ್ವಲ್ಪ ಹತ್ತಿಯನ್ನು ಹಿಂಜಿ ಮೋಡದಂತೆ ಮಾಡಿ ಮೈಮೇಲೆ ತೇಲಿಸಿಕೊಂಡು ಹೋಗಿ. ಎಲ್ಲಿ ಒಂದು ಎಳೆ ಸಿಕ್ಕಿಕೊಂಡು ನಿಲ್ಲುತ್ತದೋ ಅಲ್ಲಿ ತಂತಿ ಎದ್ದಿದೆ. ಎಳೆಯನ್ನು ಎಳೆಯಬೇಡಿ, ಕತ್ತರಿಯಿಂದ ಕತ್ತರಿಸಿ ಅಲ್ಲೇ ಬಿಡಿ, ಗುರುತಿಗೂ ಆಯಿತು. ಸೂಪರ್ ಗ್ಲೂ ಹಾಕಿದರೆ ಕಾಲುವೆ ತುಂಬಿ, ಮುಂದೆ ಕೂರಿಸುವವರಿಗೆ ಜಾಗವೇ ಇರುವುದಿಲ್ಲ. ಉದುರಿದ ತುಂಡನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪಾತ್ರೆಯ ಜೊತೆಗೇ ಇಡಿ.

ಬಿರುಕಿಗೆ ಕಿವಿ ಬೇಕು. ವಸ್ತುವನ್ನು ಮೆತ್ತೆಯ ಮೇಲಿಟ್ಟು ಉಗುರಿನಿಂದ ಹಲವು ಕಡೆ ತಟ್ಟಿ. ಜಸ್ತದ ಎರಕ ಪೆಡಸು, ಕೈಜಾರಿ ಬಿದ್ದರೆ ಹಿತ್ತಾಳೆಯಂತೆ ತಗ್ಗು ಬೀಳುವುದಿಲ್ಲ, ಸೀಳುತ್ತದೆ. ಎಲ್ಲೆಡೆ ಒಂದೇ ನಾದವಿದ್ದು ಒಂದು ಕಡೆ ಒಡಕು ಮಡಕೆಯ ಸದ್ದು ಬಂದರೆ ಅಲ್ಲಿದೆ. ಇದ್ದರೆ ಇರಲಿ. ಬಿರುಕನ್ನು ಗೋಡೆಯ ಕಡೆ ತಿರುಗಿಸಿ, ಎತ್ತುವಾಗ ಕೊರಳು ಹಿಡಿಯದೆ ತಳಕ್ಕೆ ಕೈಕೊಟ್ಟು ಎತ್ತಿ. ದೀಪದ ಸ್ಟ್ಯಾಂಡ್ ಮಾಡಿಸುತ್ತೇನೆಂದು ವಯರ್‌ಗೆ ತೂತು ಕೊರೆಸುವವರನ್ನು ನೋಡಿದ್ದೇನೆ. ಅವರಿಗೆ ನನ್ನಲ್ಲಿ ಸಲಹೆ ಇಲ್ಲ.

ನೆರೆಹೊರೆಯ ವಸ್ತುಗಳು

ಹಿತ್ತಾಳೆ ತಾಮ್ರಕ್ಕೆ ಹುಣಸೆ ನಡೆಯುತ್ತದೆ, ಆದರೆ ಚೆನ್ನಾಗಿ ತೊಳೆದು ಆರಿಸಿ. ಅದೇ ಕೈಯಲ್ಲಿ, ಅದೇ ಬಟ್ಟೆಯಲ್ಲಿ ಬಿದರಿ ಮುಟ್ಟಬೇಡಿ. ಸಾಗವಾನಿ ಸಂದೂಕದ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಗುಡಿಸಿ, ಕಪ್ಪು ಕಾಗದ ಹಾಸಿ ವಾರ ಬಿಡಿ. ಹೊಸ ಪುಡಿ ಬಿದ್ದರೆ ಕೊರಕ ಹುಳ ಬದುಕಿದೆ. ಬೀಳದಿದ್ದರೆ ಅದು ಯಾವ ಕಾಲದ್ದೋ. ಕಾಲಿನ ಬಳಿ ಮಣ್ಣಿನ ಗೆರೆ ಇದ್ದರೆ ಗೆದ್ದಲು, ಅದರ ಮೂಲ ಸಂದೂಕದಲ್ಲಿಲ್ಲ, ಗೋಡೆಯಲ್ಲಿದೆ.

ಕೀಲಿ ಕೊಡುವ ಗೋಡೆ ಗಡಿಯಾರ ಹತ್ತು ನಿಮಿಷ ನಡೆದು ನಿಂತರೆ ಯಂತ್ರ ಬಿಚ್ಚಿಸುವ ಮೊದಲು ಕಣ್ಣು ಮುಚ್ಚಿ ಕೇಳಿ. ಟಿಕ್‌ಗೂ ಟಾಕ್‌ಗೂ ನಡುವಿನ ಬಿಡುವು ಸಮ ಇದೆಯೇ? ಕುಂಟುತ್ತಿದ್ದರೆ ಪೆಟ್ಟಿಗೆ ಓರೆಯಾಗಿದೆ. ಸುಣ್ಣ ಬಣ್ಣಕ್ಕೆ ಇಳಿಸಿ ಮತ್ತೆ ತೂಗುಹಾಕಿದಾಗ ಆಗುವುದೇ ಇದು. ಪೆಟ್ಟಿಗೆಯ ತಳವನ್ನು ಕೂದಲೆಳೆಯಷ್ಟು ಎಡಬಲ ಸರಿಸಿ, ನಾದ ಸಮವಾದಲ್ಲಿ ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಬೇಸಿಗೆಯಲ್ಲಿ ಲೋಲಕದ ಲೋಹದ ಕಡ್ಡಿ ಹಿಗ್ಗಿ ದಿನಕ್ಕೆ ಕೆಲವು ಸೆಕೆಂಡು ಹಿಂದೆ ಬೀಳುವುದು ಸಹಜ. ಐದು ನಿಮಿಷ ಹಿಂದೆ ಬಿದ್ದರೆ ಕಲಬುರಗಿಯ ಬಿಸಿಲನ್ನು ದೂರಬೇಡಿ, ಲೋಲಕದ ಕೆಳಗಿನ ತಿರುಪನ್ನು ತಿರುಗಿಸಿ ಗುಂಡನ್ನು ತುಸು ಮೇಲಕ್ಕೆತ್ತಿ.

ಅಲಂಕಾರದ ದೋಷವೂ ಒಂದಿದೆ: ವಸ್ತು ಸರಿಯಿದ್ದೂ ಹೂಬಳ್ಳಿ ಕಾಣುವುದಿಲ್ಲ. ಕಪ್ಪು ಗ್ರಾನೈಟ್ ಕಟ್ಟೆಯ ಮೇಲೆ ಕಪ್ಪು ಬಿದರಿ ಇಟ್ಟು, ನೆತ್ತಿಯ ಮೇಲೆ ಬಿಳಿ ಟ್ಯೂಬ್‌ಲೈಟ್ ಉರಿಸಿದರೆ ಇನ್ನೇನು ಕಂಡೀತು? ಸುಣ್ಣದ ಗೋಡೆಯ ಮುಂದೆ, ಬೂದು ಶಹಾಬಾದ ಕಲ್ಲಿನ ಗೂಡಿನಲ್ಲಿ, ಕೆಳಗೊಂದು ಕೋರಾ ಹತ್ತಿ ಬಟ್ಟೆ ಹಾಸಿ ಇಡಿ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ. ಸಂಜೆ ಐದರ ಹೊತ್ತಿಗೆ ಪಶ್ಚಿಮದ ಕಿಟಕಿಯಿಂದ ಬರುವ ಬೆಳಕಿಗೆ ತಾರಕಶಿ ಒಂದೊಂದೇ ಎಳೆಯಾಗಿ ಹೊತ್ತಿಕೊಳ್ಳುತ್ತದೆ.

ಬೀದರಕ್ಕೆ ಒಯ್ಯುವಾಗ

ಕುಶಲಕರ್ಮಿಯ ಮುಂದೆ "ಪಾಲಿಶ್ ಮಾಡಿ ಹೊಸದರಂತೆ ಕೊಡ್ರಿ" ಎನ್ನಬೇಡಿ. ಹಾಗೆಂದರೆ ಯಂತ್ರದ ಚಕ್ರಕ್ಕೆ ಹಿಡಿದುಬಿಡಬಹುದು. ನೂರು ವರ್ಷದ ಬೆಳ್ಳಿ ಎಸಳು ಸವೆದು ಕಾಗದದಷ್ಟಾಗಿರುತ್ತದೆ, ಚಕ್ರಕ್ಕೆ ಅರ್ಧ ನಿಮಿಷ ಸಾಕು. "ಕೈಯಿಂದಲೇ ಸ್ವಚ್ಛ ಮಾಡ್ರಿ, ಎದ್ದ ತಂತಿ ಮೊದಲು ಕೂರಿಸ್ರಿ, ಆಮೇಲೆ ಕೋಟೆ ಮಣ್ಣಿನ ಕಪ್ಪು ಕೊಡ್ರಿ, ಲ್ಯಾಕರ್ ಬ್ಯಾಡ" ಎಂದು ಈ ಕ್ರಮದಲ್ಲೇ ಹೇಳಿ. ಲ್ಯಾಕರ್ ಹೊಡೆದದ್ದು ಕೆಲ ವರ್ಷಕ್ಕೆ ಪೊರೆ ಎದ್ದು ಹಾವಿನ ಚರ್ಮದಂತಾಗುತ್ತದೆ, ಅದರಡಿ ತೇವ ಸಿಕ್ಕಿಕೊಳ್ಳುತ್ತದೆ. ಕೊಡುವ ಮುಂಚೆ ನಾಲ್ಕೂ ಬದಿಯ ಫೋಟೊ ತೆಗೆದುಕೊಳ್ಳಿ, ತೂಕವನ್ನೂ ಬರೆದುಕೊಳ್ಳಿ. ವಿದೇಶದಲ್ಲಿರುವ ಮಗ ಒಯ್ಯುತ್ತಾನೆಂದು ಸಿದ್ಧಮಾಡಿಸುತ್ತಿದ್ದರೆ ತಡೆಯಿರಿ: 1972ರ ಪ್ರಾಚ್ಯವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಇಂಥ ವಸ್ತುಗಳನ್ನು ದೇಶದಿಂದ ಹೊರಗೆ ಕೊಂಡೊಯ್ಯುವಂತಿಲ್ಲ.

2017ರಿಂದ ಕಲಬುರಗಿ ಬೀದರ ನಡುವೆ ರೈಲಿದೆ, ಬಸ್ಸಿನ ಕುಲುಕಾಟಕ್ಕಿಂತ ಅದು ವಾಸಿ. ದಿನಪತ್ರಿಕೆ ಸುತ್ತಬೇಡಿ, ರಬ್ಬರ್ ಬ್ಯಾಂಡ್ ಅಂತೂ ಬೇಡ. ಅಜ್ಜನ ಹಳೆ ಧೋತರ ಸಿಕ್ಕರೆ ಅದನ್ನು ಎರಡು ಸುತ್ತು ಸುತ್ತಿ, ಬಾಯೊಳಗೂ ಒಂದು ತುದಿ ತುರುಕಿ, ಹತ್ತಿ ದಾರದಿಂದ ಕಟ್ಟಿ. ಚೀಲವನ್ನು ಸೀಟಿನ ಕೆಳಗೆ ತಳ್ಳದೆ ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಡಿ.